ಒಂಚೂರು ಬಿಡಪ್ಪ
ಆಂಡಿಸ್ ಬೆಟ್ಟದ ಆ ಮೂರು ಊರುಗಳಿಗೆ ಇರುವುದೊಂದೇ ಕಾಲುವೆ. ಅದರ ನೀರಿನ ಸರದಿ ಹಂಚುವವನು ಎವರಿಸ್ತೊ. ವಾರಕ್ಕೊಮ್ಮೆ ಮೂರೂರಿನವರೂ ಜಗಳ ಹೊತ್ತು ಬಂದರೆ ಮೊದಲು ಎಲ್ಲರ ಅಂಗೈಗೂ ಅಗಿಯಲು ಕೋಕಾ ಎಲೆ ಹಾಕುತ್ತಾನೆ. ಬಾಯಿ ತುಂಬಿದವನು ಕೂಗಲಾರ ಎಂಬುದು ಅವನ ಲೆಕ್ಕ. ಆಮೇಲೆ ಕಣ್ಣು ಮುಚ್ಚಿಕೊಂಡೇ, "ನೀನೊಂಚೂರು ಬಿಡಪ್ಪ, ಅವರೂ ಒಂಚೂರು ಬಿಡ್ತಾರೆ" ಎಂದು ಮೂವತ್ತು ವರ್ಷದ ಹಳೇ ರಾಗ ತೆಗೆಯುತ್ತಾನೆ. ಯಾರೂ ಬಿಡುವುದಿಲ್ಲ. ಕೊನೆಗೆ ಸಾಕಾಗಿ, ಕಡಿಮೆ ಬಿದ್ದ ಗಂಟೆಯ ನೀರನ್ನು ತನ್ನದೇ ಹೊಲದ ಸರದಿಯಿಂದ ಕೊಟ್ಟು ಎದ್ದುಹೋಗುತ್ತಾನೆ. ಈ ವಾರ ಅವನ ಹೆಂಡತಿ ಸತುರ್ನಿನಾಳೂ ಬಂದು ಆ ಮೂರೂರಿನವರ ಸಾಲಿನಲ್ಲೇ ಕೂತು ಅಂಗೈ ಚಾಚಿದಳು. "ನಮ್ಮ ಮೆಕ್ಕೆಜೋಳ ಒಣಗ್ತಿದೆ ಯಜಮಾನ್ರೇ, ನಮಗೂ ಒಂದು ಗಂಟೆ ನೀರು ಕೊಡ್ಸಿ." ಎವರಿಸ್ತೊ ಆ ಅಂಗೈಗೂ ಎಲೆ ಹಾಕಿ, ಕಣ್ಣು ಮುಚ್ಚಿಕೊಂಡು, "ನೀನೊಂಚೂರು ಬಿಡಮ್ಮ" ಎಂದ.