ಮೂವತ್ತರ ಕೆಳಗೆ ರೇಡಿಯೋ ಮಾತ್ರ

ಬಂಟ್ವಾಳದ ಅಣ್ಣನ ಉಂಗುರದ ಬೆರಳಿನ ಸುತ್ತ ಸುಟ್ಟ ಗಾಯದ ಗುರುತೊಂದು ಬಿಳಿ ದಾರದಂತೆ ಸುತ್ತಿಕೊಂಡಿತ್ತು. ಹಿಂದೊಮ್ಮೆ ಬ್ಯಾಟರಿ ಬಿಗಿಯುವಾಗ ಸ್ಪಾನರೂ ಮದುವೆಯ ಉಂಗುರವೂ ತಾಗಿ ಶಾರ್ಟ್ ಆಗಿತ್ತಂತೆ. "ಆವತ್ತಿನಿಂದ ಉಂಗುರ ಊರಲ್ಲಿ, ನಾನು ಇಲ್ಲಿ" ಎಂದು ನಗುತ್ತಿದ್ದರು.

ಗಲ್ಫಿನ ಶ್ರೀಮಂತನೊಬ್ಬನ ಮೋಜಿನ ಬೋಟಿನಲ್ಲಿ ಅವರು ಎಲೆಕ್ಟ್ರಿಷಿಯನ್, ಅದೇ ಸೀಮೆಯ ಲಾಯಿಲದವನಾದ ನಾನು ಅಡುಗೆಯವ. ಕ್ಯಾಪ್ಟನ್ ಮತ್ತು ಕೊಲ್ಕತ್ತಾ ಕಡೆಯ ಮೆಕ್ಯಾನಿಕ್ ಸೇರಿ ಒಟ್ಟು ನಾಲ್ವರು. ತುಳು ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಒಂದು ಬೇಸಗೆಯಲ್ಲಿ ಮಾಲೀಕ ನಾಪತ್ತೆಯಾದ. ಬೋಟು ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು. ನಮ್ಮ ಪಾಸ್‌ಪೋರ್ಟುಗಳು ಅವನ ಕಚೇರಿಯಲ್ಲಿ. ಬೋಟನ್ನು ಜನರಿಲ್ಲದೆ ಬಿಟ್ಟುಹೋಗುವಂತಿಲ್ಲ ಎಂದು ಬಂದರಿನವರು ನಮ್ಮನ್ನು ಇಳಿಯಲು ಬಿಡಲಿಲ್ಲ. ರೇಡಿಯೋದಲ್ಲಿ ಎಷ್ಟು ಬೇಡಿಕೊಂಡರೂ "ಮಾಲೀಕನಿಗೆ ತಿಳಿಸುತ್ತೇವೆ" ಎಂಬ ಒಂದೇ ಉತ್ತರ. ದಡದ ರಸ್ತೆಯಲ್ಲಿ ಓಡುವ ಕಾರುಗಳು ಕಾಣುತ್ತಿದ್ದವು. ಯಾರೋ ಪುಣ್ಯಾತ್ಮರು ದೋಣಿಯಲ್ಲಿ ಅಕ್ಕಿ, ನೀರು ಕಳಿಸುತ್ತಿದ್ದರು. ಡೀಸೆಲ್ ಮುಗಿದು ಜನರೇಟರ್ ನಿಂತ ಮೇಲೆ ಉಳಿದದ್ದು ಛಾವಣಿಯ ಸೋಲಾರ್ ಮತ್ತು ಕೆಳಗಿನ ಲಿಥಿಯಂ ಬ್ಯಾಟರಿಗಳು.

ಅಣ್ಣ ಅವಕ್ಕೊಂದು ಚಿಕ್ಕ ಕಂಪ್ಯೂಟರ್ ಜೋಡಿಸಿ ನಿಯಮ ಬರೆದರು. ಚಾರ್ಜ್ ಶೇಕಡಾ ಎಂಬತ್ತು ದಾಟಿದರೆ ಸೋಲಾರ್ ತಾನಾಗಿ ಬಂದ್. ಐವತ್ತಕ್ಕೆ ಇಳಿದರೆ ಫ್ರಿಜ್ ಬಂದ್, ನಲವತ್ತಕ್ಕೆ ಫ್ಯಾನ್, ಮೂವತ್ತಕ್ಕೆ ಇಂಟರ್‌ನೆಟ್. ಅದರ ಕೆಳಗೆ ರೇಡಿಯೋ ಮಾತ್ರ. "ಈ ಸೆಕೆಯಲ್ಲಿ ಇದಕ್ಕೆ ಹೊಟ್ಟೆ ಬಿರಿಯ ತಿನ್ನಿಸಬಾರದು, ಉಪವಾಸವೂ ಕೆಡವಬಾರದು" ಎನ್ನುತ್ತಿದ್ದರು.

ಫ್ರಿಜ್ ನಿಂತಾಗ ಜಗಳಕ್ಕೆ ಹೋಗುತ್ತಿದ್ದವ ನಾನು.

"ಅಣ್ಣಾ, ಮೀನು ಹಾಳಾಗ್ತದೆ. ಸ್ವಲ್ಪ ಹೊತ್ತು ಹಾಕಿ."

"ನನ್ನ ಕೈಯಲ್ಲಿ ಇದ್ದರೆ ಹಾಕಿಯೇನು ಮಾರಾಯ. ಕರುಣೆ ಬರ್ತದೆ. ಅದಕ್ಕೇ ಮೆಷಿನ್ನಿಗೆ ಕೊಟ್ಟದ್ದು."

ಅವರ ಮಗಳ ನಿಶ್ಚಿತಾರ್ಥದ ಹೊತ್ತಿಗೆ ಧೂಳುಗಾಳಿ ಎದ್ದಿತು. ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಎಷ್ಟು ಒರೆಸಿದರೂ ಸೋಲಾರಿನ ಮೇಲೆ ಮತ್ತೆ ಧೂಳು. ಅಣ್ಣ ಇಸ್ತ್ರಿಯಿಲ್ಲದ ಬಿಳಿ ಅಂಗಿ ತೊಟ್ಟು ಫೋನಿನ ಮುಂದೆ ಕೂತರು. ಫೋನಿನಲ್ಲಿ ಮಗಳು ಕಂಡಳು, ತಲೆತುಂಬ ಮಲ್ಲಿಗೆ. "ಅಪ್ಪಾ, ಕಾಣ್ತದಾ?" ಎಂದಳು. "ಕಾಣ್ತದೆ ಮಗಾ" ಎನ್ನುವಷ್ಟರಲ್ಲಿ ಚಾರ್ಜ್ ಮೂವತ್ತಕ್ಕೆ ಇಳಿದು ಇಂಟರ್‌ನೆಟ್ ಹೋಯಿತು.

ಕ್ಯಾಪ್ಟನ್ನೇ ಹೇಳಿದರು, "ನಿಯಮ ತೆಗೆದು ಹಾಕು. ನಿನ್ನ ಮಗಳಲ್ಲವೋ?" ನಾನಂತೂ ಕೈ ಹಿಡಿದು ಬೇಡಿದೆ. ಅಣ್ಣ ಕಂಪ್ಯೂಟರಿನ ಮುಂದೆ ಹೋಗಿ ನಿಂತರು. ಬೆರಳು ಕೀಲಿಯ ಮೇಲಿತ್ತು. ಆಮೇಲೆ ಕೈ ಹಿಂದಕ್ಕೆ ತೆಗೆದು, "ಧೂಳು ಯಾವಾಗ ಇಳಿಯುತ್ತದೆ ಅಂತ ಯಾರಿಗೆ ಗೊತ್ತುಂಟು?" ಎಂದು ಹೊರಗೆ ಹೋಗಿ ರೇಲಿಂಗ್ ಹಿಡಿದು ನಿಂತರು. ಹತ್ತಿರ ಹೋಗುವ ಧೈರ್ಯ ನನಗಾಗಲಿಲ್ಲ.

ಧೂಳು ಇಳಿಯಲಿಲ್ಲ. ಅದರ ನಡುವೆಯೇ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ಬಿದ್ದ. ಮೈ ಕೆಂಡದಂತೆ ಸುಡುತ್ತಿತ್ತು. ಬೋಟಿನಲ್ಲಿ ದೀಪವಿಲ್ಲ, ಫ್ಯಾನಿಲ್ಲ, ಫೋನಿಲ್ಲ. ಕ್ಯಾಪ್ಟನ್ ರೇಡಿಯೋ ಒತ್ತಿದರು. ಅದು ಮಾತಾಡಿತು. ಪ್ರಾಣದ ವಿಷಯ ಎಂದ ಮೇಲೆ ಬಂದರಿನ ಬೋಟು ಬಂತು. ಒಡೆದುಹೋದ ಅಪೆಂಡಿಕ್ಸ್, ಇನ್ನಷ್ಟು ತಡವಾದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಅವನನ್ನು ಒಯ್ಯಲು ಬಂದ ಅಧಿಕಾರಿ ನಮ್ಮ ಅವಸ್ಥೆಯನ್ನು ಕಣ್ಣಾರೆ ನೋಡಿದ. ಆಮೇಲೆಯೇ ಕಾಗದಪತ್ರಗಳು ಓಡಾಡಿದವು. ನಾವು ಊರಿಗೆ ಬಂದೆವು.

ಊರಲ್ಲಿ ಅಣ್ಣ ಬಾಗಿಲು ಹಾಕಿದ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಬಸ್ಸಿನಲ್ಲೂ ಬಾಗಿಲ ಬಳಿಯ ಸೀಟೇ ಬೇಕು. ಕಲ್ಲಡ್ಕದ ಹೋಟೆಲಿನಲ್ಲಿ ನಾವು ಆಗಾಗ ಚಹಾಕ್ಕೆ ಸೇರುತ್ತಿದ್ದೆವು. ಬೋಟಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಈ ವರ್ಷ ಅಣ್ಣ ಎದೆನೋವು ಬಂದು ತೀರಿಕೊಂಡರು.

ಉತ್ತರಕ್ರಿಯೆಯ ದಿನ, ನಮ್ಮಲ್ಲಿ ಬೊಜ್ಜ ಅನ್ನುವುದು, ಅವರ ಮನೆಗೆ ಹೋಗಿದ್ದೆ. ಬಡಿಸುತ್ತಿದ್ದ ಮಗಳು ನನ್ನ ಬಳಿ ನಿಂತು ಕೇಳಿದಳು:

"ಮಾಮಾ, ನನ್ನ ನಿಶ್ಚಯದ ದಿನ ಏನಾಯ್ತು? ಅಪ್ಪ ನೆಟ್‌ವರ್ಕ್ ಇರಲಿಲ್ಲ ಅಂತಲೇ ಹೇಳ್ತಿದ್ದರು. ನಾನು ಎಷ್ಟೋ ಕಾಲ ಸಿಟ್ಟಿನಲ್ಲಿದ್ದೆ."

ಆದದ್ದನ್ನೆಲ್ಲ ಹೇಳಿದೆ. ಅವಳು ಪಾಯಸದ ಪಾತ್ರೆ ಕೆಳಗಿಟ್ಟು ಕೇಳಿದಳು:

"ಆ ಮೆಕ್ಯಾನಿಕ್ ಈಗ ಹೇಗಿದ್ದಾರೆ?"

"ಚೆನ್ನಾಗಿದ್ದಾನೆ. ಮೊನ್ನೆ ಹೆಣ್ಣು ಮಗು ಹುಟ್ಟಿದೆಯಂತೆ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಾನು ಸಾಕೆಂದರೂ ಕೇಳದೆ ಇನ್ನೊಂದು ಸೌಟು ಪಾಯಸ ಬಡಿಸಿದಳು.