ಟೊಮೆಟೊ ಗಿಡ ಹಿಡಿದುಕೊಂಡ ಹೊತ್ತು

ಕೂಟಗಲ್ಲಿನಲ್ಲಿ ಕರೆಂಟ್ ಮೀಟರ್ ಓದಲು ಒಂದು ಮನೆಯ ಹಿತ್ತಲಿಗೆ ಹೋಗಿದ್ದೆ. ಅಲ್ಲಿ ಅಜ್ಜಿಯೊಬ್ಬರು ಟೊಮೆಟೊ ಗಿಡಗಳಿಗೆ ಆಸರೆ ಕಟ್ಟುತ್ತಿದ್ದರು. ಗಿಡ್ಡ ಗಿಡಗಳಿಗೆ ಮೊಳದುದ್ದದ ಕಡ್ಡಿ ಸಾಕಾಗಿತ್ತು. ನನ್ನ ಎದೆಮಟ್ಟ ಬೆಳೆದಿದ್ದ ಒಂದಕ್ಕೆ ಮಾತ್ರ ಬಿದಿರಿನ ಕೋಲು ನೆಟ್ಟಿದ್ದರು.

"ಇದ್ನ ಒಸಿ ಹಿಡ್ಕಳಪ್ಪ, ಗಂಟಾಕ್ತೀನಿ" ಅಂದರು.

ಗಿಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಷ್ಟರಲ್ಲಿ ನನ್ನ ಕಾಲ ಬಳಿ ಬಿದ್ದಿದ್ದ ಕಡ್ಡಿಗಳ ನಡುವಿನಿಂದ ನಾಗರಹಾವೊಂದು ಹೊರಬಂತು.

"ಅಲ್ಲಾಡ್ಬ್ಯಾಡ ಕಣಪ್ಪ" ಎಂದು ಅಜ್ಜಿ ಪಿಸುಗುಟ್ಟಿದರು.

ಹಾವು ನನ್ನ ಬೂಟಿನ ಮೇಲೇ ಹತ್ತಿ ಇಳಿಯಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಮಗಳ ಮುಖ ಕಣ್ಮುಂದೆ ಬಂತು. ಹಾವು ಬೇಲಿಯೊಳಗೆ ಮರೆಯಾಯಿತು.

ಅಜ್ಜಿ ಗಾಬರಿಯಿಂದ ಹತ್ತಿರ ಬಂದರು. "ಏನೂ ಆಗ್ಲಿಲ್ವಲ್ಲಪ್ಪ?"

"ಇಲ್ಲಜ್ಜಿ, ಕಚ್ಚಲಿಲ್ಲ."

"ನಾ ಕೇಳಿದ್ದು ಗಿಡುಕ್ಕೆ. ಒಸಿ ಸಡ್ಲ ಬುಡು, ಅದರ ಕತ್ತು ಹಿಸುಕ್ತಾ ಇದ್ದೀಯ."