ಕಾರಿನ ಕೊಕ್ಕೆಯಲ್ಲಿ ಉಳಿದ ಲಿಂಗ

ಅತ್ತೆಯ ಕೈ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಲಾಡ್ಜಿನ ಮಂಚದ ಪಕ್ಕ ಟವೆಲ್ ಹಾಸಿ ಲಿಂಗಪೂಜೆಗೆ ಕೂತಿದ್ದಳು. ಕೊರಳಲ್ಲಿ ಶಿವದಾರವಿಲ್ಲ, ಬೆಳ್ಳಿಯ ಕರಡಿಗೆಯಿಲ್ಲ, ಅದರೊಳಗಿನ ಇಷ್ಟಲಿಂಗವೂ ಇಲ್ಲ.

“ಅಯ್ಯಯ್ಯೋ, ಕಾರಿನಾಗ ಉಳೀತಲ್ಲವಾ!”

ಹಿಂದಿನ ದಿನ ಬೆಟ್ಟದ ತಿರುವುಗಳಲ್ಲಿ ಅತ್ತೆಗೆ ದಾರಿಯುದ್ದಕ್ಕೂ ವಾಂತಿ. ಲಿಂಗಕ್ಕೆ ಸಿಡಿದು ಮೈಲಿಗೆಯಾಗಬಾರದೆಂದು ಕರಡಿಗೆಯನ್ನು ಕೊರಳಿಂದ ತೆಗೆದು, ಕರ್ಚೀಪಿನಲ್ಲಿ ಸುತ್ತಿ, ಕಿಟಕಿಯ ಮೇಲಿನ ಕೊಕ್ಕೆಗೆ ತಾನೇ ತೂಗುಹಾಕಿದ್ದಳು. ಊಖೀಮಠ ಮುಟ್ಟಿದಾಗ ಅವಳನ್ನು ನಾನೂ ನನ್ನ ಗಂಡನೂ ಎತ್ತಿಕೊಂಡೇ ಇಳಿಸಿದ್ದೆವು. ಪೂಜೆಯಿಲ್ಲ, ಊಟವಿಲ್ಲ, ಬಿದ್ದಲ್ಲೇ ನಿದ್ದೆ. ಬಾಡಿಗೆ ಕಾರು ಆಗಲೇ ಬೆಟ್ಟ ಇಳಿದು ಹೋಗಿತ್ತು.

ನಮ್ಮದು ಕೊಟ್ಟೂರು. ಉಜ್ಜಿನಿಯ ಪೀಠ ನಮಗೆ ಮನೆಯ ಹಿತ್ತಲಿದ್ದ ಹಾಗೆ. ವೀರಶೈವರ ಐದು ಪೀಠಗಳಲ್ಲಿ ಊಖೀಮಠದಲ್ಲಿರುವ ಈ ಹಿಮಾಲಯದ್ದನ್ನೂ ಕಣ್ಣಾರೆ ನೋಡಬೇಕೆಂದು ಅತ್ತೆ ಎಷ್ಟೋ ವರ್ಷ ನಮ್ಮ ತಲೆ ತಿಂದಿದ್ದಳು. ಅದೂ ಚಳಿಗಾಲದಲ್ಲೇ ಬರಬೇಕಂತೆ. ಮೇಲೆ ಹಿಮ ಬಿದ್ದಾಗ ಕೇದಾರನಾಥ ಇಳಿದು ಬಂದು ಈ ಊರಿನ ಗುಡಿಯಲ್ಲೇ ಇರುತ್ತಾನಲ್ಲ, ಅದಕ್ಕೆ. “ದೇವ್ರೇ ಥಂಡಿ ತಡಿಲಾರದ ಇಳಿದು ಬರ್ತಾನ, ನೀವೇನ್ ಅವನಿಗಿಂತ ದೊಡ್ಡೋರೇನು? ಸ್ವೆಟರ್ ಹಾಕ್ಕಳ್ರಿ” ಎಂದು ನಾನು ಗದರಿಸಿಯೇ ಕರೆತಂದಿದ್ದೆ.

ಲಿಂಗ ಮೈಮೇಲಿಲ್ಲದೆ ಅತ್ತೆ ತುತ್ತು ಮುಟ್ಟುವವಳಲ್ಲ, ಗುಟುಕು ನೀರನ್ನೂ ಕುಡಿಯುವವಳಲ್ಲ. ಹಿಂದಿನವರು ಲಿಂಗ ಕಳೆದರೆ ಪ್ರಾಣವನ್ನೇ ಬಿಡುತ್ತಿದ್ದರೆಂದು ಅವಳೇ ನನಗೆ ಹೇಳಿದ್ದಳು, ಹೆಮ್ಮೆಯಿಂದ. ಆದರೆ ಸ್ನಾನಕ್ಕೆ ಹೋಗುವ ಮುಂಚೆ ನಾನು ಅವಳಿಗೆ ಇನ್ಸುಲಿನ್ ಚುಚ್ಚಿಯಾಗಿತ್ತು. ಮನೆಯಲ್ಲಿ ದಿನವೂ ಹಾಗೇ, ಸೂಜಿ ಆದ ಮೇಲೆ ಸ್ನಾನ, ಪೂಜೆ, ಹಿಂದೆಯೇ ನಾಷ್ಟಾ. ಒಳಗೆ ಹೋದ ಔಷಧಿಯನ್ನು ಹೊರಗೆ ತೆಗೆಯಲು ಬರುತ್ತದೆಯೇ? ಏನೂ ತಿನ್ನದಿದ್ದರೆ ಮೈಯಲ್ಲಿನ ಸಕ್ಕರೆ ಇಳಿಯುತ್ತದೆ, ತೀರಾ ಇಳಿದರೆ ಮನುಷ್ಯ ಉಳಿಯುವುದಿಲ್ಲ.

ಗಂಡ ಡ್ರೈವರನಿಗೆ ಫೋನು ಹಚ್ಚಿದ, ಮತ್ತೆ ಹಚ್ಚಿದ. ಹತ್ತಲಿಲ್ಲ. “ಮಠದಾಗ ನಮ್ಮ ಕಡೆ ಅಯ್ಯನೋರು ಇರ್ತಾರ. ಕಾಲು ಹಿಡಿದು ಕರ್ಕೊಂಡು ಬರ್ತೀನಿ, ಹೊಸ ಲಿಂಗ ಕಟ್ಲಿ. ನೀ ಯವ್ವನ್ನ ನೋಡ್ಕೋ” ಎಂದು ಓಡಿದ. ಗುರುವಿನ ಕೈಯಿಂದ ಬರಬೇಕಾದದ್ದು ಅದು, ಅಂಗಡಿಯಲ್ಲಿ ಕೊಂಡು ಕಟ್ಟಿಕೊಳ್ಳುವಂಥದ್ದಲ್ಲ.

ರೂಮಿನಲ್ಲಿ ನಾವಿಬ್ಬರೇ ಉಳಿದೆವು. ಲಾಡ್ಜಿನವರು ಇಟ್ಟುಹೋದ ಚಹಾ ಆರುತ್ತಿತ್ತು, ಜೊತೆಗೆ ಒಂದು ಬಟ್ಟಲು ಸಕ್ಕರೆ.

“ಅತ್ತೀ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಚಮಚ ಬಾಯಾಗ ಹಾಕ್ಕಳ್ರಿ.”

“ಬ್ಯಾಡವಾ. ಲಿಂಗ ಇಲ್ಲದ ಬಾಯಿ ಇದು.”

“ಔಷಧಿ ಅಂತ ತಗೋರಿ.”

“ಔಷಧಿ ಆದ್ರೇನು, ಅಮೃತ ಆದ್ರೇನು!”

ಸಿಟ್ಟು ನೆತ್ತಿಗೇರಿತು. “ನಿಮಗೇನಾರ ಆದ್ರ ಊರಾಗ ನನಗ ಏನಂತಾರ? ಅತ್ತೀನ ಹಿಮಾಲಯಕ್ಕ ಕರ್ಕೊಂಡ್ಹೋಗಿ ಕೊಂದು ಬಂದ್ಲು ಅಂತಾರ!” ಎಂದು ಕೂಗಿದೆ.

“ಅನ್ಲಿ ಬಿಡು. ಊರ ಬಾಯಿಗೆ ಬೀಗ ಹಾಕಾಕ ಆಕ್ಕೈತೇನು?” ಎಂದು ಮುದುಕಿ ನಕ್ಕಳು. ಆ ನಗು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ನೀರು ಮುಟ್ಟಿದರೆ ಬೆರಳು ಸೆಟೆಯುವ ಆ ಥಂಡಿಯಲ್ಲಿ ಅವಳ ಹಣೆಯ ವಿಭೂತಿ ಬೆವರಿಗೆ ತೊಯ್ದು ಇಳಿಯತೊಡಗಿತು. ಕೈ ನಡುಗಿತು, ಮಾತು ತೊದಲಿತು. ನನ್ನನ್ನೇ ನೋಡುತ್ತ, ಎಂದೋ ಸತ್ತುಹೋದ ತನ್ನ ಅಕ್ಕನನ್ನು ಕರೆದಳು. ಬಾಗಿಲಿಗೆ ಓಡಿ ಕೂಗಿದೆ, ಯಾರೂ ಬರಲಿಲ್ಲ. ಬಂದರೂ ಹೇಳಲು ನನಗೆ ಹಿಂದಿ ಬಾರದು. ಎದುರಿಗೆ ಕಣಿವೆ, ಅದರಾಚೆ ಹಿಮದ ಬೆಟ್ಟ. ನಿನ್ನೆ ಕೈಮುಗಿದಿದ್ದ ಬೆಟ್ಟವನ್ನು ನೋಡಲೂ ಈಗ ಭಯವಾಯಿತು. ಗಂಡನ ಸುಳಿವಿಲ್ಲ.

ಒಳಗೆ ಬಂದಾಗ ಅತ್ತೆ ಗೋಡೆಗೆ ವಾಲಿದ್ದಳು. ಕರೆದರೆ ಓಗೊಡಲಿಲ್ಲ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಎದ್ದ ಮೇಲೆ ನನ್ನ ಮುಖ ನೋಡದಿದ್ದರೂ ಸರಿ, ಎದ್ದರೆ ಸಾಕು ಎನ್ನಿಸಿತು. “ಶಿವನೇ, ಪಾಪ ನನಗಿರಲಿ” ಎಂದು ಬೆರಳನ್ನು ಚಹಾದಲ್ಲಿ ಅದ್ದಿ, ಸಕ್ಕರೆಗೆ ಒತ್ತಿ, ಅವಳ ಕೆನ್ನೆಯೊಳಗೆ, ವಸಡಿಗೆ ತಿಕ್ಕಿದೆ. ಮತ್ತೆ ತಿಕ್ಕಿದೆ. ಅಳು ತಡೆಯಲಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ರೆಪ್ಪೆ ಅಲುಗಿತು. ಕಣ್ಣು ಬಿಟ್ಟಳು. ನಾಲಗೆ ತುಟಿಯ ಮೇಲೆ ಆಡಿತು.

“ಏನ್ ಹಾಕಿದೆವಾ ಬಾಯಾಗ?”

“ಸಕ್ಕರಿ.”

ಬೈಗುಳಕ್ಕೆ ಕಾದು ನಾನು ತಲೆ ತಗ್ಗಿಸಿದೆ. ತಣ್ಣಗಿನ ಕೈಯೊಂದು ನನ್ನ ಮುಂಗೈಯನ್ನು ಹುಡುಕಿ ಬಿಗಿಯಾಗಿ ಹಿಡಿಯಿತು.

“ನನಗ ಅಂಜಿಕಿ ಆಗೈತವಾ,” ಎಂದಳು. “ಇನ್ನೊಂದೀಟು ಹಾಕು.” ಬಾಯಿ ತೆರೆದಳು.